ಮಾವ ಕೇಳದ ಬಾಟಲಿ

ನನ್ನ ಮಾವನಿಗೆ ಮರೆವಿನ ಕಾಯಿಲೆ ಇರಲಿಲ್ಲ. ಇದೆ ಎಂದು ಮನೆಯವರೆಲ್ಲ ನಂಬಿದರು. ಕೊನೆಕೊನೆಗೆ ಅವರೂ ನಂಬಿದರು. ನಂಬಿಸಿದವಳು ನಾನು — ಮೊದಲು ಒಂದು ಸುಳ್ಳು ಹೇಳಿ, ಆಮೇಲೆ ಆ ಸುಳ್ಳು ಬಿದ್ದುಹೋಗದ ಹಾಗೆ ಆಸರೆ ಕೊಟ್ಟು. ಕಾರಣ ಕೇಳಿದರೆ ಯಾರಿಗಾದರೂ ನಗು ಬಂದೀತು. ಮನೆಯ ಪ್ರಿಂಟರಿನಲ್ಲಿ ಇಂಕು ಕಟ್ಟಿಕೊಂಡಿದ್ದ ಒಂದು ಕಾರ್ಟ್ರಿಜ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದನ್ನು ಹಾಳು ಮಾಡಿದ್ದು ನಾನು. ಮಾವ ಮಾಡಿದರು ಎಂದು ಹೇಳಿದ್ದೂ ನಾನು.

ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಹೇಳಿದೆ. ಆದರೆ ಬಾಯಲ್ಲಿ ಹೇಳಿದ್ದು ಅರ್ಧಮರ್ಧ — ಅಳು, ತೊದಲು, ನಡುನಡುವೆ ನನ್ನನ್ನು ನಾನೇ ಉಳಿಸಿಕೊಳ್ಳುವ ಮಾತು. ಹಾಗೆ ಹೇಳಿದ್ದು ಹೇಳಿದ ಹಾಗಲ್ಲ ಅನ್ನಿಸಿದೆ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ.

ಮಾವನ ಹೆಸರು ಶ್ರೀನಿವಾಸ. ಊರು ಕಾರ್ಕಳದ ಹತ್ತಿರ. ಹದಿಮೂರನೇ ವಯಸ್ಸಿಗೆ ಡೊಂಬಿವಲಿಗೆ ಬಂದು ಸ್ಟೇಷನ್ ಪಕ್ಕದ ಹೋಟೆಲೊಂದರಲ್ಲಿ ಲೋಟ ತೊಳೆದವರು. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋಗಿ ಹತ್ತನೇ ಇಯತ್ತೆ ಪಾಸು ಮಾಡಿಕೊಂಡರು. ಆಮೇಲೆ ಅಂಬರನಾಥದ ಕಾರ್ಖಾನೆಗಳ ಸಾಲಿನಲ್ಲಿದ್ದ ಒಂದು ಪ್ರಿಂಟಿಂಗ್ ಪ್ರೆಸ್ ಸೇರಿದರು. ಔಷಧದ ಡಬ್ಬಿ, ಸೋಪಿನ ಡಬ್ಬಿ, ಮಿಠಾಯಿಯ ಡಬ್ಬಿ — ರಟ್ಟಿನ ಮೇಲೆ ಬಣ್ಣ ಅಚ್ಚು ಹಾಕುವ ಯಂತ್ರದ ಎದುರು ಮೂವತ್ತು ವರ್ಷದ ಮೇಲೆ ನಿಂತರು. ನಾನು ಅವರನ್ನು ನೋಡುವ ಹೊತ್ತಿಗೆ ನಿವೃತ್ತರಾಗುವ ಹತ್ತಿರ ಬಂದಿದ್ದರು, ಆದರೂ ಅವರ ಬಲಗೈಯ ಉಗುರುಗಳ ಬುಡದಲ್ಲಿ ನೀಲಿ ಇತ್ತು. ಎಷ್ಟು ಉಜ್ಜಿದರೂ ಹೋಗದ ನೀಲಿ.

ನಾನು ಬೆಳೆದದ್ದು ಕಲ್ಯಾಣದಲ್ಲಿ. ನನ್ನ ಅಪ್ಪ ವಿಜಯಪುರದ ಕಡೆಯವರು, ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಠಾಣೆಯ ಒಂದೇ ಆಫೀಸಿನಲ್ಲಿ ಕೆಲಸಕ್ಕಿದ್ದ ಮಾವನ ಮಗ ರಘುವೂ ನಾನೂ ಇಷ್ಟಪಟ್ಟು ಮದುವೆಯಾದೆವು. ಅತ್ತೆ ಆಗಲೇ ಇರಲಿಲ್ಲ. ಕಡಲಕಡೆಯ ನೆಂಟರು ಮುಖ ತಿರುಗಿಸಿದಾಗ ನಮ್ಮ ಬೆನ್ನಿಗೆ ನಿಂತದ್ದು ಮಾವ ಒಬ್ಬರೇ. ಅವರ ಮನೆಮಾತು ತುಳು. ಮದುವೆಯ ಮಾರನೇ ದಿನ ಊಟಕ್ಕೆ ಕೂತಾಗ ರಘು ತುಳುವಿನಲ್ಲಿ ಏನೋ ಹೇಳಿ ನಕ್ಕ. ಮಾವ ಅನ್ನದ ಮೇಲಿನ ಕೈ ಹಾಗೇ ನಿಲ್ಲಿಸಿದರು. "ಇನ್ನು ಅವಳೆದುರು ಕನ್ನಡ ಮಾತಾಡುವ. ಅವಳಿಗೆ ಗೊತ್ತಾಗದ ಮಾತು ಈ ಮನೆಯಲ್ಲಿ ಬೇಡ," ಎಂದರು. ಅಂದಿನಿಂದ ಹಾಗೇ ನಡೆಯಿತು. ಅಪ್ಪ ಮಗ ಇಬ್ಬರೇ ಇದ್ದು ತುಳು ಮಾತಾಡುತ್ತಿದ್ದರೂ ನಾನು ಅಡುಗೆಮನೆಯಿಂದ ಹೊರಗೆ ಬಂದ ಕೂಡಲೇ ಮಾವ ವಾಕ್ಯದ ನಡುವೆಯೇ ಕನ್ನಡಕ್ಕೆ ತಿರುಗುತ್ತಿದ್ದರು. ಇಂಥ ಮನುಷ್ಯನ ಎದುರು ನಾನು —

ಇರಲಿ. ಪ್ರಿಂಟರಿನ ವಿಷಯ ಹೇಳುತ್ತೇನೆ.

ಶಾಲೆಗಳೆಲ್ಲ ಮನೆಯೊಳಗೆ ಬಂದ ಆ ವರ್ಷ, ಮಗಳು ಇಶಾಳಿಗೆಂದು ರಘು ಒಂದು ಬಣ್ಣದ ಪ್ರಿಂಟರ್ ತಂದ. ನಾವು ಆಗ ನೆರೂಳಿನ ಈಗಿನ ಫ್ಲ್ಯಾಟಿಗೆ ಬಂದು ಕೆಲವು ವರ್ಷಗಳಾಗಿದ್ದವು. ಹಾಲಿನ ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಹಳೆಯ ಮೇಜಿನ ಮೇಲೆ ಅದನ್ನಿಟ್ಟೆವು. ಮೊದಲ ಬಣ್ಣದ ಹಾಳೆ ಹೊರಗೆ ಬಂದಾಗ ಮಾವ ಕೈ ತೊಳೆದುಕೊಂಡು ಬಂದು ಅದನ್ನು ಎತ್ತಿದರು. ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೆಟ್ಟಗೆ ಮಾಡಿ ನೋಡಿದರು. "ನಮ್ಮ ಮಶೀನು ಈ ಹಾಲಿನಷ್ಟು ಉದ್ದ ಇತ್ತು. ಇದು ನೋಡು, ರೊಟ್ಟಿ ಡಬ್ಬಿಯಷ್ಟು ಉಂಟು. ಕೆಲಸ ಅದೇ," ಎಂದರು. ಅವರ ಮುಖದಲ್ಲಿ ಆ ದಿನ ಇದ್ದ ಬೆಳಕನ್ನು ನಾನು ನೆನೆಸಿಕೊಳ್ಳುತ್ತಿರುತ್ತೇನೆ.

ಆ ಪ್ರಿಂಟರ್ ಮೆಲ್ಲಗೆ ಅವರದ್ದೇ ಆಯಿತು. ಅದಕ್ಕೆ ಗಣಪತ್ ಕಾಕಾ ಕಾರಣ. ಕಾಕಾ ಮಾವನ ಜೊತೆ ಅದೇ ಪ್ರೆಸ್ಸಿನಲ್ಲಿ ಬಣ್ಣ ಬೆರೆಸುವ ಕೆಲಸದಲ್ಲಿದ್ದವರು, ಅಂಬರನಾಥದಲ್ಲೇ ಮನೆ. ರೈಲುಗಳು ಮತ್ತೆ ಎಲ್ಲರಿಗೂ ಶುರುವಾದ ಮೇಲೆ ಮಾವ ಪ್ರತಿ ಗುರುವಾರ ಅವರನ್ನು ನೋಡಲು ಹೋಗುತ್ತಿದ್ದರು. ನೆರೂಳಿನಿಂದ ಠಾಣೆ, ಅಲ್ಲಿ ಇಳಿದು ಅಂಬರನಾಥದ ಲೋಕಲ್. ಇಬ್ಬರೂ ಶಿವನ ಹಳೆಯ ಗುಡಿಯ ಹತ್ತಿರ, ಕಾಕಾನ ಮನೆಬಾಗಿಲಲ್ಲಿ ಮಧ್ಯಾಹ್ನದವರೆಗೆ ಕೂತು ಸಂಜೆಗೆ ಮಾವ ವಾಪಸು. ಕಾಕಾನಿಗೆ ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೆ. ಮೊಬೈಲಿನಲ್ಲಿ ಏನನ್ನೂ ಓದಲಾರರು, ಫೋನಿನಲ್ಲಿ ಮಾತೂ ಕಷ್ಟ. ಹಾಗಾಗಿ ಮಾವ ಇಶಾಳಿಂದ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದನ್ನು ಕಲಿತು, ಕಾಕಾನಿಗೆ ಇಷ್ಟವಾದ ಅಭಂಗಗಳನ್ನು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರಗಳಲ್ಲಿ, ಸುತ್ತ ಹೂಬಳ್ಳಿ ಹಾಕಿ ಅಚ್ಚು ಮಾಡಿಕೊಂಡು ಹೋಗುತ್ತಿದ್ದರು. ವಾರಕ್ಕೊಂದು ಹಾಳೆ. ಕಾಕಾ ಅಭಂಗ ಓದುವುದಕ್ಕಿಂತ ಮೊದಲು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಣ್ಣ ನೋಡುತ್ತಿದ್ದರಂತೆ. "ಗುಲಾಬೀ ಕಮೀ ಆಹೇ, ಸೀನೂ" — ಗುಲಾಬಿ ಸಾಲದು ಎಂದು ತಪ್ಪು ಹಿಡಿಯುತ್ತಿದ್ದರಂತೆ. ಮಾವ ಮನೆಗೆ ಬಂದು ಅದನ್ನು ಕಾಕಾನ ದನಿಯಲ್ಲೇ ಹೇಳಿ ನಗುತ್ತಿದ್ದರು. ಮುಂದಿನ ವಾರ ಗುಲಾಬಿ ಹೆಚ್ಚು ಮಾಡುತ್ತಿದ್ದರು. ಆಗ ಹಳದಿ ಕಡಿಮೆ ಎಂಬ ತಕರಾರು ಬರುತ್ತಿತ್ತು. ಎಪ್ಪತ್ತು ದಾಟಿದ ಇಬ್ಬರು ಗಂಡಸರು ರೊಟ್ಟಿ ಡಬ್ಬಿಯಷ್ಟು ಪ್ರಿಂಟರಿನಿಂದ ತಮ್ಮ ಪ್ರೆಸ್ಸನ್ನು ಮತ್ತೆ ನಡೆಸುತ್ತಿದ್ದರು.

ಇಂಕು ಮೊದಲ ಸಲ ಕಟ್ಟಿಕೊಂಡದ್ದು ಒಂದು ಬೇಸಿಗೆ ರಜೆಯಲ್ಲಿ. ಮೂರು ವಾರ ಊರಿಗೆ ಹೋಗಿ ಬಂದೆವು. ಬಂದು ನೋಡಿದರೆ ಹಾಳೆಯ ಮೇಲೆ ಬರೀ ಬಿಳಿ ಗೆರೆಗಳು. ಅಂಗಡಿಯವನು ಕಾರ್ಟ್ರಿಜ್ ಎಸೆಯಿರಿ ಎಂದ. ಮಾವ ನನ್ನ ಹತ್ತಿರ ಒಂದು ಬಟ್ಟಲು ಬಿಸಿನೀರು ಕೇಳಿದರು. ತಮ್ಮದೊಂದು ಹಳೆಯ ಪಂಚೆಯನ್ನು ಹರಿದು ನಾಲ್ಕು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ ಹಿಂಡಿ, ತಟ್ಟೆಯ ಮೇಲೆ ಹಾಸಿದರು. ಕಾರ್ಟ್ರಿಜ್ಜನ್ನು ಹೊರಗೆ ತೆಗೆದು, ಇಂಕು ಬರುವ ಕೆಳಭಾಗವನ್ನು ಆ ಒದ್ದೆ ಬಟ್ಟೆಯ ಮೇಲೆ ಕೂರಿಸಿದರು. ಅದರ ಬೆನ್ನಿನಲ್ಲಿ ಬಂಗಾರದ ಬಣ್ಣದ ಸಣ್ಣ ಚುಕ್ಕಿಗಳಿದ್ದವು. ಅವನ್ನು ಮಾತ್ರ ಬೆರಳಿನಿಂದ ಮುಟ್ಟಬಾರದು ಎಂದು ಇಶಾಳಿಗೆ ತೋರಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಒತ್ತಲಿಲ್ಲ, ಉಜ್ಜಲಿಲ್ಲ. ನನಗೆ ನೋಡಿಯೇ ಚಡಪಡಿಕೆ. ಮಾವ ಚಹಾ ಕುಡಿದರು, ಪೇಪರ್ ಓದಿದರು. ಒಂದಷ್ಟು ಹೊತ್ತು ಬಿಟ್ಟು ಎತ್ತಿದಾಗ ಬಟ್ಟೆಯ ಮೇಲೆ ಮೂರು ಗೆರೆಗಳಿದ್ದವು — ನೀಲಿ, ಗುಲಾಬಿ, ಹಳದಿ. ಗುಲಾಬಿ ಸ್ವಲ್ಪ ತುಂಡು ತುಂಡು. ಬಟ್ಟೆಯ ಜಾಗ ಬದಲಿಸಿ ಮತ್ತೆ ಕೂರಿಸಿದರು. ಮೂರನೇ ಸಲಕ್ಕೆ ಮೂರೂ ಗೆರೆ ಒಂದೇ ಸಮ ಬಂದವು.

"ಬಿಸಿನೀರು ಮಾತ್ರ ಸುಮಾ," ಎಂದರು ನನಗೆ. "ಬೇರೆ ಎಂತದೂ ತಾಗಿಸ್ಬಾರ್ದು. ಪ್ರೆಸ್ಸಿನಲ್ಲಿ ಥಿನ್ನರ್ ಹಾಕಿ ತೊಳಿತಿದ್ದೆವು, ಅದು ಕಬ್ಬಿಣ. ಇದು ಪ್ಲಾಸ್ಟಿಕ್, ಕರಗ್ತದೆ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಇಶಾ ಒಂಬತ್ತನೇ ಇಯತ್ತೆಯಲ್ಲಿದ್ದಳು. ಒಂದು ಗುರುವಾರ. ವಿಜ್ಞಾನದ ಪ್ರಾಜೆಕ್ಟನ್ನು ಮರುದಿನ ಕೊಡಬೇಕಿತ್ತು. ಹೂವಿನ ಭಾಗಗಳು, ಕಣ್ಣಿನ ರಚನೆ, ಎಲ್ಲ ಬಣ್ಣದ ಚಿತ್ರಗಳು. ನಾನು ಮಧ್ಯಾಹ್ನ ಅವನ್ನು ಅಚ್ಚು ಹಾಕಿಡುತ್ತೇನೆ ಎಂದಿದ್ದೆ. ಮಾವ ಬೆಳಿಗ್ಗೆಯೇ ಕಾರ್ಟ್ರಿಜ್ಜನ್ನು ಒದ್ದೆ ಬಟ್ಟೆಯ ಮೇಲೆ ಕೂರಿಸಿ, ತೆಗೆದು, ಕಾಕಾನ ಹಾಳೆ ಅಚ್ಚು ಮಾಡಿಕೊಂಡು ಹೊರಟರು. ಹೊರಡುವಾಗ, ಗುಲಾಬಿ ಇನ್ನೂ ಸರಿಯಾಗಿ ಬಿಡುತ್ತಿಲ್ಲ, ಬಂದು ಇನ್ನೊಂದು ಸಲ ಕೂರಿಸುತ್ತೇನೆ, ಅಲ್ಲಿಯವರೆಗೆ ಬಿಡು ಎಂದು ಹೇಳಿ ಹೋದರು.

ನಾನು ಬಿಡಲಿಲ್ಲ. ಮಧ್ಯಾಹ್ನ ಅಚ್ಚು ಹಾಕಿದೆ, ಹೂವೆಲ್ಲ ನೀಲಿಗಟ್ಟಿ ಬಂತು. ಕಾರ್ಟ್ರಿಜ್ ತೆಗೆದು ಒದ್ದೆ ಬಟ್ಟೆಗೆ ಒತ್ತಿದೆ. ಐದು ನಿಮಿಷ ಕಾಯಲಿಲ್ಲ ನಾನು. ಕುದಿಯುವ ನೀರು ಸುರಿದೆ. ಆಮೇಲೆ, ಇಶಾಳ ಉಗುರುಬಣ್ಣ ತೆಗೆಯುವ ದ್ರಾವಣದ ಬಾಟಲಿ ಕಪಾಟಿನಲ್ಲಿ ಕಂಡಿತು. ಉಗುರಿನ ಮೇಲೆ ಒಣಗಿದ ಬಣ್ಣವನ್ನೇ ತೆಗೆಯುತ್ತದೆ, ಇದನ್ನು ತೆಗೆಯದೇ ಎಂದುಕೊಂಡೆ. ಹತ್ತಿಯಲ್ಲಿ ಅದ್ದಿ ಉಜ್ಜಿದೆ. ಇಂಕು ಬಂತು — ಬಂತು ಎಂದರೆ ನಿಲ್ಲಲೇ ಇಲ್ಲ. ಕೆಳಗಿನ ತೆಳು ತಗಡಿನ ಅಂಚು ಎದ್ದು ಮೂರೂ ಬಣ್ಣ ಒಂದಾಗಿ ಸೋರತೊಡಗಿತು. ನಾನು ಒರೆಸಿ, ಇನ್ನು ಸರಿಹೋಗುತ್ತದೆ ಎಂದು ಹಾಗೇ ಒಳಗೆ ಕೂರಿಸಿ ಬಟನ್ ಒತ್ತಿದೆ. ಒಳಗೆಲ್ಲೋ ಕರಕರ ಎಂದಿತು. ಕೆಂಪು ದೀಪ ಮಿಣುಕಿತು. ಆಮೇಲೆ ಅದು ಏಳಲಿಲ್ಲ.

ಮೇಜು ಒರೆಸಿ ಮುಚ್ಚಳ ಮುಚ್ಚಿ ಸುಮ್ಮನಾದೆ. ಹೇಳಬೇಕೆಂದೇ ಇದ್ದೆ. ನಿಜ, ಹೇಳಬೇಕೆಂದೇ — ಆದರೆ ಅದರ ಹಿಂದಿನ ವಾರ ರಘುವಿನ ರೈಲ್ವೆ ಪಾಸನ್ನು ಅಂಗಿಯ ಜೇಬಿನಲ್ಲೇ ಬಿಟ್ಟು ಒಗೆದುಹಾಕಿದ್ದೆ. ಅದಕ್ಕೂ ಮೊದಲು ಕುಕ್ಕರಿನ ಮುಚ್ಚಳ ಮುರಿದಿದ್ದೆ. ರಘು ಬೈಯುವವನಲ್ಲ, ನಿನ್ನ ಕೈಗೆ ಅವಸರ ಜಾಸ್ತಿ ಎನ್ನುತ್ತಿದ್ದ, ನಗುತ್ತಲೇ. ಇಶಾ ನನಗೆ, ನಡುವಿನ ಸ್ಟೇಷನ್ನುಗಳಲ್ಲಿ ನಿಲ್ಲದೆ ಓಡುವ ರೈಲಿನ ಹಾಗೆ, 'ಫಾಸ್ಟ್ ಲೋಕಲ್' ಎಂದು ಹೆಸರಿಟ್ಟಿದ್ದಳು. ಆ ಸಂಜೆ ಆ ಹೆಸರನ್ನು ಮತ್ತೊಮ್ಮೆ ಕೇಳುವುದು ನನಗೆ ಬೇಡವಾಗಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಸಂಜೆ ಏಳರ ಹೊತ್ತಿಗೆ ಎಲ್ಲರೂ ಮನೆಯಲ್ಲಿದ್ದೆವು. ಮಾವ ಆಗಷ್ಟೇ ಕೈಕಾಲು ತೊಳೆದು ಕೂತಿದ್ದರು. ರಘು ಪ್ರಿಂಟರ್ ಮುಚ್ಚಳ ತೆಗೆದ. ಒಳಗೆಲ್ಲ ಕಂದು ರಾಡಿ. ಮೂಗು ಹತ್ತಿರ ತಂದು ಮೂಸಿದ. ಇಂದು ಬೆಳಿಗ್ಗೆ ಇದನ್ನು ತೆರೆದವರು ಯಾರು ಎಂದು ಕೇಳಿದ. ತಾನೇ ತೆರೆದದ್ದು ಎಂದರು ಮಾವ. ಇದಕ್ಕೆ ಏನು ಹಾಕಿದಿರಿ ಎಂದು ರಘು ಕೇಳಿದಾಗ, ಬಿಸಿನೀರು ಮಾತ್ರ ಎಂದರು. ಇದು ನೀರಿನ ವಾಸನೆ ಅಲ್ಲ ಎಂದ ರಘು. ಇಶಾ ಅರ್ಧ ಖಾಲಿಯಾಗಿದ್ದ ತನ್ನ ಬಾಟಲಿಯನ್ನು ತಂದು ತೋರಿಸಿದಳು. ಮೂವರೂ ನನ್ನ ಕಡೆ ನೋಡಿದರು. ಆಗ ನಾನು ಹೇಳಿದೆ:

"ಮುಂಜಾನೆ ಹೊರಡೂ ಮುಂದ ಮಾವಾರ ಕೇಳಿ ಇಸ್ಕೊಂಡ್ರಲ್ಲ ಆ ಬಾಟ್ಲಿ."

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ ನಾನು.

ಮಾವ ನನ್ನನ್ನು ನೋಡಿದರು. ಸಿಟ್ಟಿಲ್ಲ, ಅನುಮಾನವಿಲ್ಲ. ಕಳೆದುಹೋದದ್ದನ್ನು ಹುಡುಕುವವರ ಹಾಗೆ ನೋಡಿದರು. "ನಾನು ಕೇಳಿದ್ನಾ?" ಎಂದರು. ತಮ್ಮ ಕೈಬೆರಳುಗಳನ್ನು ನೋಡಿಕೊಂಡು, "ಕೇಳಿರ್ಬೇಕು. ಸುಮಾ ಸುಮ್ಮನೆ ಹೇಳುದಿಲ್ಲ."

ನನ್ನನ್ನು ನಂಬಿದರು. ತಮ್ಮನ್ನು ನಂಬುವುದು ಬಿಟ್ಟು ನನ್ನನ್ನು ನಂಬಿದರು.

ಆಮೇಲೆ ನಡೆದದ್ದೆಲ್ಲ ಪ್ರೀತಿಯಿಂದಲೇ ನಡೆಯಿತು, ಅದೇ ಭಯಂಕರ. ರಘು ಅಪ್ಪನನ್ನು ಒಂದು ಮಾತೂ ಆಡಲಿಲ್ಲ. ಅವನು ಹೆದರಿದ. ನನ್ನನ್ನು ಅಡುಗೆಮನೆಗೆ ಕರೆದು, ಅಪ್ಪ ಬೇರೆ ಏನಾದರೂ ಮರೆಯುತ್ತಿದ್ದಾರಾ ಎಂದು ಕೇಳಿದ. ಒಮ್ಮೆ ಛತ್ರಿಯನ್ನು ರೈಲಿನಲ್ಲಿ ಬಿಟ್ಟು ಬಂದದ್ದು, ಒಮ್ಮೆ ಬಚ್ಚಲಿನ ನಲ್ಲಿ ಬಿಟ್ಟದ್ದು — ನನಗೂ ಅವನಿಗೂ ಇಶಾಳಿಗೂ ಆಗುವಂಥವೇ. ನಾನು ಅವನ್ನು ಹೇಳಿದೆ. ಒಂದೊಂದಾಗಿ ನೆನಪು ಮಾಡಿ ಹೇಳಿದೆ. ರಘು ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಕೇಳಿದ್ದಕ್ಕೆಲ್ಲ ಮಾವ ಸರಿಯಾಗಿಯೇ ಉತ್ತರ ಕೊಟ್ಟರಂತೆ; ವಯಸ್ಸಾಯಿತು, ಸ್ವಲ್ಪ ಗಮನ ಇಡಿ ಎಂದು ಡಾಕ್ಟರು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಆ 'ಗಮನ ಇಡಿ' ಎಂಬುದೇ ನಮಗೆ ಸಾಕಾಯಿತು. ಇನ್ನು ಒಬ್ಬರೇ ರೈಲು ಹತ್ತುವುದು ಬೇಡ, ಠಾಣೆಯಲ್ಲಿ ಪ್ಲಾಟ್‌ಫಾರ್ಮ್ ತಪ್ಪಿದರೆ ಎಲ್ಲಿ ಹುಡುಕುವುದು, ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದ ರಘು. ಮಾವ ಆಯಿತು ಎಂದರು. ವಾದ ಮಾಡಲಿಲ್ಲ. ಮಾಡಿದ್ದರೆ —

ಮುಂದಿನ ಗುರುವಾರ ಅವರು ಸ್ನಾನ ಮಾಡಿ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತಿದ್ದರು. ಮನೆಯಲ್ಲಿ ನಾವಿಬ್ಬರೇ. ನಾನು ಕಾಯಿ ತುರಿಯುತ್ತಿದ್ದೆ. ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ಸಂಕೋಚದಿಂದ ಕೇಳಿದರು.

"ಸುಮಾ, ನಾನು ನಿನ್ನ ಹತ್ರ ಬಾಟ್ಲಿ ಕೇಳುವಾಗ ಎಂತ ಹೇಳಿ ಕೇಳಿದ್ದು?"

ಅದು ನನಗೆ ಸಿಕ್ಕ ಅವಕಾಶ. ಅವರೇ ನಡೆದು ಬಂದು ಕೈಯಲ್ಲಿಟ್ಟ ಅವಕಾಶ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನಗುವವರಿರಲಿಲ್ಲ. ತಪ್ಪಾಯಿತು ಮಾವ, ನೀವು ಕೇಳಲೇ ಇಲ್ಲ ಎಂದಿದ್ದರೆ ಅವರು ಹೋಗಲಿ ಬಿಡು ಎನ್ನುತ್ತಿದ್ದರು, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು, ಹನ್ನೊಂದಕ್ಕೆ ಕಾಕಾನ ಎದುರು ಕೂತಿರುತ್ತಿದ್ದರು. ನಾನು ತುರಿಯುವುದನ್ನು ನಿಲ್ಲಿಸದೆ ಹೇಳಿದೆ: "ಬಿಸಿನೀರಿನಿಂದ ಹೋಗವಲ್ದು, ಬ್ಯಾರೆ ಏನರ ಕೊಡು ಅಂದ್ರಿ."

ಅವರು ತಲೆಯಾಡಿಸಿ ಹೋದರು. ಎರಡು ದಿನದ ಮೇಲೆ, ರಾತ್ರಿ ಊಟಕ್ಕೆ ಕೂತಾಗ, ತಾವಾಗಿಯೇ ರಘುವಿಗೆ ಹೇಳಿದರು — ಈಗ ನೆನಪಾಯಿತು, ಬಿಸಿನೀರಿನಿಂದ ಹೋಗುವುದಿಲ್ಲ, ಬೇರೆ ಏನಾದರೂ ಕೊಡು ಎಂದು ನಾನೇ ಸುಮಾಳನ್ನು ಕೇಳಿದ್ದು, ಅವಳು ಆಗ ಕಾಯಿ ತುರಿಯುತ್ತಿದ್ದಳು. ನೆನಪಾಯಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಕಾಯಿ ತುರಿಯುವುದನ್ನೂ ಸೇರಿಸಿ ಅವರ ಮನಸ್ಸು ಅದನ್ನು ಕಟ್ಟಿಕೊಂಡಿತ್ತು. ನಾನು ಊಟ ಮುಗಿಸಿ ಎದ್ದೆ.

ಹೊಸ ಪ್ರಿಂಟರ್ ಬಂತು. ಮಾವ ಅದನ್ನು ಮುಟ್ಟಲಿಲ್ಲ. ನಾನೇ ಒಂದು ದಿನ, ಕಾಕಾನಿಗೆ ಹಾಳೆ ಮಾಡುವುದಿಲ್ಲವೇ ಎಂದು ಕೇಳಿದೆ — ಕೇಳುವ ಧೈರ್ಯ ನನಗೆ ಹೇಗೆ ಬಂತೋ. "ನೀನೇ ಮಾಡಿಕೊಡು ಮಾರಾಯ್ತಿ. ನನ್ನ ಕೈಯನ್ನು ಈಗ ನಾನೇ ನಂಬುದಿಲ್ಲ," ಎಂದರು. ನಾನು ಮಾಡಿಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ಮಡಚಿ ಜೇಬಿನಲ್ಲಿಟ್ಟುಕೊಂಡರು. ಅಚ್ಚಾದ ಹಾಳೆಯನ್ನು ಎಂದೂ ಮಡಚುತ್ತಿರಲಿಲ್ಲ ಅವರು.

ರಘು ಎರಡು ಭಾನುವಾರ ಕರೆದುಕೊಂಡು ಹೋದ. ಮೂರನೆಯದಕ್ಕೆ ಆಫೀಸಿನ ಕೆಲಸ ಬಂತು, ನಾಲ್ಕನೆಯದಕ್ಕೆ ಹಳಿ ದುರಸ್ತಿಯೆಂದು ರೈಲುಗಳಿರಲಿಲ್ಲ, ಆಮೇಲೆ ಇಶಾಳ ಪರೀಕ್ಷೆ. ನಾನು ಕರೆದುಕೊಂಡು ಹೋಗಬಹುದಿತ್ತು. ನಾಲ್ಕು ತಿಂಗಳು ಹಾಗೇ ಹೋಯಿತು. ಮಳೆ ಶುರುವಾದ ವಾರ ಕಾಕಾನ ಮಗ ಫೋನ್ ಮಾಡಿದರು. ನಾವು ಮೂವರೂ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಾನ ಸೊಸೆ ನಮ್ಮ ಮಾವನ ಕಾಲಿಗೆ ನಮಸ್ಕಾರ ಮಾಡಿ ಮರಾಠಿಯಲ್ಲಿ ಹೇಳಿದಳು: ಬಾಬಾ ಪ್ರತಿ ಗುರುವಾರ ಬಾಗಿಲ ಹೊರಗೆ ಎರಡು ಕುರ್ಚಿ ಹಾಕಿಸುತ್ತಿದ್ದರು, ಮಧ್ಯಾಹ್ನ ಒಳಗೆ ತೆಗೆಸುತ್ತಿದ್ದರು. ಮಾವ ಅವಳ ತಲೆಯ ಮೇಲೆ ಕೈಯಿಟ್ಟು, ತಪ್ಪು ನನ್ನದೇ ತಾಯಿ, ನನಗೆ ಮರೆವು ಶುರುವಾಗಿದೆ, ಮನೆಯವರು ಒಬ್ಬನನ್ನೇ ಬಿಡುವುದಿಲ್ಲ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಛತ್ರಿ ನನ್ನ ಕೈಯಲ್ಲಿತ್ತು.

ಅದಾಗಿ ಒಂದೂವರೆ ವರ್ಷಕ್ಕೆ ಮಾವ ತೀರಿಕೊಂಡರು. ಹೃದಯ. ಬೆಳಿಗ್ಗೆ ಚಹಾ ಕುಡಿದವರು ಮತ್ತೆ ಏಳಲಿಲ್ಲ. ಕೊನೆಯ ದಿನಗಳಲ್ಲಿ ಅವರ ಮಾತು ಬಹಳ ಕಡಿಮೆಯಾಗಿತ್ತು. ಒಲೆ ಆರಿಸಿದರೆ ಬಂದು ನೋಡು ಎನ್ನುತ್ತಿದ್ದರು, ನಲ್ಲಿ ಮುಚ್ಚಿದರೆ ಬಂದು ನೋಡು ಎನ್ನುತ್ತಿದ್ದರು. ನಾನು ಹೋಗಿ ನೋಡುತ್ತಿದ್ದೆ. ಪ್ರತಿ ಸಲವೂ ಮುಚ್ಚಿಯೇ ಇರುತ್ತಿತ್ತು. ಆ ಮೌನದಲ್ಲಿ ವಯಸ್ಸಿನದ್ದೆಷ್ಟು, ಕಾಕಾನದ್ದೆಷ್ಟು, ನನ್ನದೆಷ್ಟು — ಬಿಡಿಸಿ ನೋಡಲು ನನಗೆ ಆಗಿಲ್ಲ. ನನ್ನದು ಇತ್ತು ಎಂಬುದಷ್ಟೇ ಗೊತ್ತು.

ಅವರು ಹೋದ ಮೇಲೆ ಇದೆಲ್ಲ ನನ್ನೊಳಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ಈ ವರ್ಷ ರಘು ಐವತ್ತೊಂದಕ್ಕೆ ಕಾಲಿಟ್ಟ. ಒಂದು ಮೀಟಿಂಗಿನಲ್ಲಿ ಹಳೆಯ ಸಹೋದ್ಯೋಗಿಯ ಹೆಸರು ಅವನ ಬಾಯಿಗೆ ಬರಲಿಲ್ಲವಂತೆ. ಇನ್ನೊಂದು ದಿನ ಮನೆಯ ಬೀಗದ ಕೈ ಆಫೀಸಿನಲ್ಲೇ ಬಿಟ್ಟು ಬಂದ. ಅಷ್ಟಕ್ಕೇ ಅವನು ನಿದ್ದೆ ಬಿಟ್ಟ. ನನಗೂ ಹೇಳದೆ ಠಾಣೆಯಲ್ಲಿ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದ. ಹೋಗುವ ದಿನ ನನ್ನನ್ನೂ ಬಾ ಎಂದ. ಡಾಕ್ಟರು ಕೇಳಿದರು, ಮನೆತನದಲ್ಲಿ ಯಾರಿಗಾದರೂ ಇತ್ತಾ? ಅಪ್ಪನಿಗಿತ್ತು ಎಂದ ರಘು. ಶುರುವಾದದ್ದು ಹೇಗೆ ಎಂದು ಕೇಳಿದಾಗ ಪ್ರಿಂಟರಿನ ಕಥೆ ಹೇಳಿದ, ಬಾಟಲಿಯ ಕಥೆ ಹೇಳಿದ. ಸುಮಾಳನ್ನು ಕೇಳಿ ಇಸಿದುಕೊಂಡದ್ದೇ ಅವರಿಗೆ ನೆನಪಿರಲಿಲ್ಲ ಎಂದು ನನ್ನ ಕಡೆ ಕೈ ತೋರಿಸಿದ. ಡಾಕ್ಟರು ಬರೆದುಕೊಂಡರು. ನನ್ನ ಸುಳ್ಳು ಆಸ್ಪತ್ರೆಯ ಕಾಗದದ ಮೇಲೆ ಇಳಿಯುವುದನ್ನು ನಾನು ಕೂತು ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ.

ವಾಪಸು ಬರುವಾಗ ಲೋಕಲಿನಲ್ಲಿ ಎದುರುಬದುರು ಕೂತಿದ್ದೆವು. ರಘು ಕಿಟಕಿಯಾಚೆ ನೋಡುತ್ತಿದ್ದ. ಅವನ ತುಟಿ ಅಲುಗುತ್ತಿತ್ತು, ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಸರಿಯುತ್ತಿತ್ತು. ಮೊದಲು ಏನೋ ಜಪ ಎಂದುಕೊಂಡೆ. ಆಮೇಲೆ ತಿಳಿಯಿತು. ಐರೋಳಿ, ರಬಾಳೆ, ಘಣಸೋಳಿ, ಕೋಪರಖೈರಣೆ — ಬರಲಿರುವ ಸ್ಟೇಷನ್ನುಗಳನ್ನು ಸಾಲಾಗಿ ಹೇಳಿಕೊಳ್ಳುತ್ತಿದ್ದ. ಎಷ್ಟೋ ವರ್ಷ ದಿನಾ ಓಡಾಡಿದ ದಾರಿ. ನೆನಪಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದ.

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, ಬಾಗಿಲ ಹತ್ತಿರವೇ ನಿಂತು ಹೇಳಿದೆ. ಮಾವ ಆ ಬಾಟಲಿ ಕೇಳಲಿಲ್ಲ ರಘು. ನಾನೇ ಹಾಕಿದ್ದು. ಅವರಿಗೆ ಏನೂ ಆಗಿರಲಿಲ್ಲ. ಆಮೇಲೆ ಒಂದರ ಮೇಲೊಂದು ಬಂತು, ಪಾಸು, ಕುಕ್ಕರು, ಫಾಸ್ಟ್ ಲೋಕಲ್ — ಮೊದಲೇ ಹೇಳಿದೆನಲ್ಲ, ಅರ್ಧ ಅಳು. ರಘು ಗೋಡೆಗೆ ಕೈಯಾನಿಸಿ ಕೇಳಿದ. ಮಧ್ಯೆ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದ.

"ಅಪ್ಪನಿಗೆ ಹೇಳಿದ್ಯಾ?"

"ಇಲ್ಲ."

ಅವನು ಒಳಗೆ ಹೋಗಿ ಮಾವನ ಮಂಚದ ಮೇಲೆ ಕೂತ. ನಾನು ಬಾಗಿಲಲ್ಲಿ ನಿಂತೆ. ಬೈಯುತ್ತಾನೆ ಎಂದು ಕಾದೆ; ಬೈಯಲಿ ಎಂದೂ ಬಯಸಿದೆ. ಅವನು ಬೈಯಲಿಲ್ಲ. ಅಪ್ಪ ಸರಿ ಇದ್ರು ಎಂದ, ತನಗೇ ಹೇಳಿಕೊಳ್ಳುವ ಹಾಗೆ. ಇನ್ನೊಮ್ಮೆ ಅದನ್ನೇ ಹೇಳಿದ. ಆಮೇಲೆ ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, ಇಶಾಳಿಗೂ ನೀನೇ ಹೇಳು ಎಂದ. ಅಜ್ಜನ ಮರೆವು ತನಗೂ ಬರುತ್ತದಾ ಎಂದು ಅವಳು ಒಮ್ಮೆ ಅವನನ್ನು ಕೇಳಿದ್ದಳಂತೆ. ಅದು ನನಗೆ ಗೊತ್ತಿರಲಿಲ್ಲ.

ಇಶಾ ಈಗ ಪುಣೆಯಲ್ಲಿ ಕಾಲೇಜು ಓದುತ್ತಿದ್ದಾಳೆ. ಫೋನ್ ಎತ್ತಿದಳು. ಈ ಸಲ ಅಳದೆ ಹೇಳಿದೆ, ಕಾರಣಗಳನ್ನು ಸೇರಿಸದೆ ಹೇಳಿದೆ. ಅವಳ ಹಿಂದೆ ಹುಡುಗಿಯರ ಗಲಾಟೆ ಕೇಳುತ್ತಿತ್ತು. ಆಮೇಲೆ ಎಲ್ಲೋ ಬಾಗಿಲು ಹಾಕಿಕೊಂಡಳು, ಗಲಾಟೆ ನಿಂತಿತು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲಿ.

"ಮಮ್ಮಿ, ಅಜ್ಜ ರೋಜ್ ಮುಝೇ ಪಹಾಡೇ ಸುನಾತೇ ಥೇ," ಎಂದಳು.

ದಿನಾ ಮಗ್ಗಿ ಒಪ್ಪಿಸುತ್ತಿದ್ದರಂತೆ. ಸಂಜೆ ಅವಳನ್ನು ಪಕ್ಕದ ಬೀದಿಯ ಟ್ಯೂಷನ್ನಿಗೆ ಬಿಟ್ಟುಬರಲು ಜೊತೆಗೆ ನಡೆಯುತ್ತಿದ್ದಾಗ, ಹದಿಮೂರರ ಮಗ್ಗಿ, ಹದಿನೇಳರದ್ದು, ಹತ್ತೊಂಬತ್ತರದ್ದು. ತಪ್ಪಿದರೆ ಹಿಡಿ, ಅಪ್ಪ ಅಮ್ಮನಿಗೆ ಮಾತ್ರ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದರಂತೆ. ಕೊನೆಯ ವಾರದವರೆಗೂ.

ಎಷ್ಟು ಸಲ ತಪ್ಪಿದರು ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಏಕ್ ಬಾರ್ ಭೀ ನಹೀ, ಮಮ್ಮಿ."

ಒಂದು ಸಲವೂ ಇಲ್ಲ. ಎಲ್ಲ ಸರಿ ಬಂತು ಅಜ್ಜ ಎಂದು ಅವಳು ಹೇಳಿದರೆ, ಇವತ್ತು ಬಂತು, ನಾಳೆ ಇನ್ನೊಮ್ಮೆ ನೋಡುವ ಎನ್ನುತ್ತಿದ್ದರಂತೆ.